ಹದವಾಗದ ಗೊಬ್ಬರ

ಅರಕಲ್ಲುಪುರದ ಮಠವೆಂದರೆ ದೂರದ ಭಕ್ತರು ಕಲ್ಲುಕಂಬ, ಗೋಪುರ ಎಂದೆಲ್ಲ ಊಹಿಸಿಕೊಂಡು ಬರುತ್ತಿದ್ದರು. ಬಂದು ನೋಡಿದರೆ ನಾಡಹೆಂಚಿನ ಮೂರಂಕಣದ ಮನೆ, ಅದಕ್ಕೆ ಅಂಟಿಕೊಂಡ ದನದ ಕೊಟ್ಟಿಗೆ, ಅಂಗಳದಲ್ಲಿ ಒಂದು ಹೊಂಗೆಮರ. ಮನೆಗಿಂತ ಕೊಟ್ಟಿಗೆಯೇ ದೊಡ್ಡದು. ಪೂಜ್ಯ ಶ್ರೀ ಮರಿಲಿಂಗ ದೇಶಿಕರು ತಮ್ಮ ಮೂವತ್ತೆಂಟು ವರ್ಷಗಳ ಗುರುತ್ವವನ್ನು ಆ ಎರಡು ಸೂರುಗಳ ನಡುವೆಯೇ ಕಳೆದರು. ಬೆಳಗಿನ ಲಿಂಗಪೂಜೆ ಮುಗಿಯಿತೆಂದರೆ ಕಾವಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಕೊಟ್ಟಿಗೆಗೆ ನಡೆಯುವರು. ಒಮ್ಮೆ ಮೈಸೂರಿನ ಕಡೆಯ ಒಬ್ಬರು ಅಧಿಕಾರಿ ದರ್ಶನಕ್ಕೆ ಬಂದವರು, ಮೊಣಕೈವರೆಗೆ ಸಗಣಿ ಮಾಡಿಕೊಂಡಿದ್ದ ಇವರನ್ನೇ “ಸ್ವಾಮಿಗಳು ಎಲ್ಲಿದ್ದಾರಪ್ಪ?” ಎಂದು ಕೇಳಿದರಂತೆ. “ಒಳಗೆ ಕೂತಿರಿ, ಕೈ ತೊಳೆದುಕೊಂಡು ಕರೆದುಕೊಂಡು ಬರುತ್ತೇನೆ” ಎಂದು ಪೂಜ್ಯರು ಹೇಳಿ, ಹಾಗೆಯೇ ಮಾಡಿದರು.

ನಾನು ಆ ಊರಿನ ಶಾಲೆಗೆ ಮೇಷ್ಟ್ರಾಗಿ ಹೋಗುವಷ್ಟರಲ್ಲಿ ಪೂಜ್ಯರಿಗೆ ಎಪ್ಪತ್ತು ದಾಟಿತ್ತು. ಈಗ ಬರೆಯಹೊರಟಿರುವ ಸಂಗತಿ ಅದಕ್ಕೂ ಹತ್ತು ವರ್ಷ ಹಿಂದಿನದು. ಅದನ್ನು ನನಗೆ ಹೇಳಿದವರು ಆ ಊರಿನ ಮುದ್ದುಬಸಪ್ಪನವರು. ಅವರ ಪಾಲಿಗೆ ಅದು ಹೆಮ್ಮೆಯ ಕಥೆಯಲ್ಲ. ಆದರೂ ಒಂದು ಮಾತನ್ನೂ ಮುಚ್ಚಿಡದೆ ಹೇಳಿದರು.

ಆ ಸೀಮೆಯ ಹೊಲಗಳಲ್ಲಿ ಅರಿಶಿನವೇ ಮುಖ್ಯ ಬೆಳೆ. ಅರಿಶಿನಕ್ಕೆ ಗೊಬ್ಬರ ಎಷ್ಟು ಹಾಕಿದರೂ ಸಾಲದು. ಆದರೆ ಊರಿನ ಸಗಣಿಯಲ್ಲಿ ಅರ್ಧ ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು, ಇನ್ನರ್ಧವನ್ನು ಘಟ್ಟದ ತೋಟಗಳವರು ಲಾರಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ಹೊಲಕ್ಕೆ ಬೀಳುತ್ತಿದ್ದುದು ಅಂಗಡಿಯ ಚೀಲದ ಸೀಮೆಗೊಬ್ಬರ ಮಾತ್ರ. ಒಂದು ದಿನ ಪೂಜ್ಯರು ಯಾರದೋ ಉತ್ತ ಹೊಲದಲ್ಲಿ ನಡೆದು ಹೋಗುವಾಗ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡರು. ಬೆರಳುಗಳ ಸಂದಿಯಿಂದ ಅದು ಬೂದಿಯ ಹಾಗೆ ಉದುರಿತು. ಸುತ್ತ ಹುಡುಕಿದರೂ ಒಂದು ಎರೆಹುಳು ಕಾಣಲಿಲ್ಲ. ಮುಂದಿನ ಸೋಮವಾರ ನೆರೆದ ಭಕ್ತರಿಗೆ ಅಪ್ಪಣೆ ಕೊಡಿಸಿದರು: “ಇನ್ನು ಮೇಲೆ ಮಠಕ್ಕೆ ಕಾಯಿ, ಹಣ್ಣು ತರಬೇಡಿ. ಮನೆಗೊಂದು ಮಂಕರಿ ಸಗಣಿ ತನ್ನಿ.”

ಜನ ಮೊದಲು ನಕ್ಕರು. ಆಮೇಲೆ ತಂದರು. ಮಠದ ಹಿಂದೆ ದೊಡ್ಡ ಗುಂಡಿ ತೋಡಿಸಿ, ಬಂದದ್ದನ್ನೆಲ್ಲ ಅದರಲ್ಲಿ ಸುರಿಸಿದರು. ವರ್ಷ ಕಳೆಯುವಷ್ಟರಲ್ಲಿ ಗುಂಡಿ ತುಂಬಿ ಮೇಲೆ ಗುಡ್ಡೆಯಾಯಿತು. ದನ ಇದ್ದವರು, ಇಲ್ಲದವರು ಎಂದು ನೋಡದೆ ಅದನ್ನು ಊರಿಗೆಲ್ಲ ಪ್ರಸಾದವಾಗಿ ಹಂಚಬೇಕೆಂಬುದು ಪೂಜ್ಯರ ಸಂಕಲ್ಪ. ಹಂಚುವ ಕೆಲಸವನ್ನು ಮಠದ ಕಾರ್ಯಭಾರ ನೋಡಿಕೊಳ್ಳುತ್ತಿದ್ದ ಶಿವರುದ್ರಪ್ಪನವರಿಗೆ ವಹಿಸಿದರು. ಮೊದಲು ಗಾಡಿ ಕಟ್ಟಿಕೊಂಡು ಬಂದವರೇ ಮುದ್ದುಬಸಪ್ಪನವರು. ಹನ್ನೆರಡು ಗಾಡಿ ಗೊಬ್ಬರ ಹೊಡೆದು ತಮ್ಮ ಬಾವಿ ಪಕ್ಕದ ಹೊಲಕ್ಕೆ ಹರಡಿದರು.

ಆ ಹೊಲದಲ್ಲಿ ಅವರು ನೆಟ್ಟದ್ದು ಅಂಥಿಂಥ ಅರಿಶಿನವಲ್ಲ. ಅವರ ತಾಯಿ ಮದುವೆಯಾಗಿ ಬರುವಾಗ ತವರಿನಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದ ಬಿತ್ತನೆಯ ತಳಿ. ಗಿಡ್ಡ ಗಿಡ, ದಪ್ಪ ಕೊಂಬು. ಮುರಿದರೆ ಕೆಂಡದಂಥ ಬಣ್ಣ. ಆ ತಾಯಿ ತೀರಿಕೊಂಡಿದ್ದರು. ಆ ತಳಿ ಬೇರೆ ಯಾರ ಹೊಲದಲ್ಲೂ ಇರಲಿಲ್ಲ. ಪ್ರತಿವರ್ಷ ಅದರಲ್ಲೇ ಒಂದಷ್ಟು ಕೊಂಬನ್ನು ಎತ್ತಿಟ್ಟು ಮತ್ತೆ ನೆಡುವುದನ್ನು ಅವರು ತಾಯಿಯ ಪೂಜೆಯಂತೆ ನಡೆಸಿಕೊಂಡು ಬಂದಿದ್ದರು.

ಭಾದ್ರಪದದಲ್ಲಿ ಗಿಡಗಳು ಹಳದಿಗೆ ತಿರುಗಿದವು. ನೀರು ಸಾಲದೇನೋ ಎಂದು ಎರಡು ದಿನ ಹೆಚ್ಚು ನೀರು ಕಟ್ಟಿದರು. ಮೂರನೆಯ ದಿನ ಒಂದು ಗಿಡವನ್ನು ಹಿಡಿದು ಎಳೆದರೆ ಯಾವ ಹಿಡಿತವೂ ಇಲ್ಲದೆ ಕೈಗೆ ಬಂತು. ಬೇರುಗಳೇ ಇರಲಿಲ್ಲ. ಬುಡದ ಮಣ್ಣಿನಲ್ಲಿ ಹೆಬ್ಬೆರಳು ಗಾತ್ರದ ಬಿಳಿಯ ಗೊಣ್ಣೆಹುಳುಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು.

ಅಂದು ಸೋಮವಾರ. ಮಠದ ಅಂಗಳದಲ್ಲಿ ನಲವತ್ತು ಐವತ್ತು ಜನ. ಮುದ್ದುಬಸಪ್ಪನವರು ಚಪ್ಪಲಿಯನ್ನೂ ಕಳಚದೆ ಒಳಗೆ ಬಂದು, ಹೆಗಲ ಮೇಲಿದ್ದ ಟವೆಲ್ಲಿನ ಗಂಟನ್ನು ಪೂಜ್ಯರ ಮುಂದೆ ಬಿಚ್ಚಿ ಸುರಿದರು. ಬಾಡಿದ ಅರಿಶಿನದ ಗಿಡ, ಮಣ್ಣು, ಮಿಸುಕಾಡುವ ಹುಳು.

“ತಕ್ಕಳಿ ಬುದ್ಧಿ, ನಿಮ್ಮ ಪ್ರಸಾದ! ಭಕ್ತಿಯಿಂದ ಹನ್ನೆರಡು ಗಾಡಿ ಹೊಡ್ದೆ. ನಮ್ಮವ್ವನ ಬಿತ್ತನೆ ಬೇರು ಸಮೇತ ಹೋಯ್ತದ. ಪೂಜೆ ಮಾಡ್ಕಂಡಿರದು ಬುಟ್ಟು ನಿಮಗ್ಯಾಕ ಬೇಕಿತ್ತು ಈ ಸಗಣಿ ಉಸಾಬರಿ?”

ಶಿವರುದ್ರಪ್ಪನವರು ಎದ್ದು ನಿಂತು, “ಯಾರ ಮುಂದೆ ಮಾತಾಡ್ತಾ ಇದೀಯ ಅನ್ನೋದು ನೆನಪಿರಲಿ. ನಿನ್ನ ಹೊಲದ ಗ್ರಹಚಾರಕ್ಕೆ ಮಠ ಏನು ಮಾಡೀತು?” ಎಂದು ಗದರಿದರು. ಪೂಜ್ಯರು ಕೈಯೆತ್ತಿ ಅವರನ್ನು ಕೂರಿಸಿದರು. ಬಗ್ಗಿ ಒಂದು ಹುಳುವನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಇದು ನಮ್ಮ ಗುಂಡಿಯಲ್ಲೇ ಹುಟ್ಟಿದ್ದು” ಎಂದರು. “ತಪ್ಪು ನನ್ನದು ಮುದ್ದಪ್ಪ.”

ಸ್ವಾಮಿಗಳು ತುಂಬಿದ ಸಭೆಯಲ್ಲಿ ತಪ್ಪು ಒಪ್ಪಿಕೊಂಡದ್ದನ್ನು ಆ ಜನ ಅದುವರೆಗೆ ಕಂಡಿರಲಿಲ್ಲ. ಆದರೂ ಮುದ್ದುಬಸಪ್ಪನವರ ಸಿಟ್ಟು ಇಳಿಯಲಿಲ್ಲ.

ಪೂಜ್ಯರು ಸಭೆಯ ಕಡೆ ತಿರುಗಿ ಕೇಳಿದರು: “ಗೊಬ್ಬರ ಹದವಾಗಿರಲಿಲ್ಲ ಅಂತ ಇಲ್ಲಿ ಯಾರಿಗಾದರೂ ಗೊತ್ತಿತ್ತೇ?”

ಆಗ ಬೇಲಿಯಾಚೆಯಿಂದ ಒಂದು ಧ್ವನಿ ಬಂತು.

“ನಂಗ ಗೊತ್ತಿತ್ತು ಬುದ್ಧಿ.”

ಅದು ರಾಚವ್ವ. ಊರಾಚೆಯ ಕೇರಿಯವಳು. ನಲವತ್ತು ವರ್ಷದಿಂದ ಊರ ಕೊಟ್ಟಿಗೆಗಳ ಸಗಣಿ ಬಾಚಿ ತಲೆಯ ಮೇಲೆ ಹೊತ್ತು ಬದುಕಿದವಳು. ಮಠಕ್ಕೆ ಸಗಣಿ ತರುವಾಗಲೂ ಆಕೆ ಹಿಂಬದಿಯ ಬೇಲಿಯ ಕಂಡಿಯಲ್ಲಿ ಮಂಕರಿ ಇಟ್ಟು ಹೋಗಬೇಕು. ಆ ಊರಿನ ನಡವಳಿಕೆ ಆಗ ಹಾಗಿತ್ತು.

“ಗೊತ್ತಿದ್ದರೆ ಹೇಳಲಿಲ್ಲವೇಕೆ ತಾಯಿ?”

“ಹೇಳ್ದೆನಲ್ಲ! ಗಾಡಿ ತುಂಬ್ತಾ ಇದ್ರು, ಇನ್ನೂ ಬೆಂದಿಲ್ಲ ಕನ್ರಪ್ಪ, ಒಳಗ ಹಸಿ ಅದ ಅಂತ ಸಿವರುದ್ರಪ್ನೋರ್ಗ ಎರಡು ಸಲ ಹೇಳ್ದೆ. ಸಗಣಿ ಹೊರೋಳು ಸಗಣಿ ಹೊತ್ಕಂಡು ಹೋಗು ಅಂದ್ರು. ಹೋದೆ.”

ಶಿವರುದ್ರಪ್ಪನವರು ತಲೆ ತಗ್ಗಿಸಿದರು. ಪೂಜ್ಯರು ಅವರನ್ನು ಒಂದು ಮಾತೂ ಆಡಲಿಲ್ಲ. ಗದ್ದಿಗೆಯಿಂದ ಇಳಿದು, ಹೆಬ್ಬಾಗಿಲಿನಿಂದ ಹೊರಗೆ ಹೋಗಿ, ಬೇಲಿ ಸುತ್ತಿ ರಾಚವ್ವ ನಿಂತಿದ್ದಲ್ಲಿಗೆ ನಡೆದರು. ಆಕೆ ಗಾಬರಿಯಿಂದ ಹಿಂದೆ ಸರಿದಳು. ಇವರು ಮುಂದೆ ಹೋದರು, ಆಕೆ ಮತ್ತೆ ಸರಿದಳು. ಕೊನೆಗೆ ಪೂಜ್ಯರು ಬಿಸಿಲಲ್ಲಿ, ಬರಿಯ ನೆಲದ ಮೇಲೆ ಕುಳಿತುಬಿಟ್ಟರು.

“ಇನ್ನು ನಾನು ಬರುವುದಿಲ್ಲ. ನೀನೇ ಅಲ್ಲಿಂದ ಹೇಳಿಕೊಡು. ನನಗೆ ಸಗಣಿ ಕೂಡಿಡುವುದು ಗೊತ್ತು, ಗೊಬ್ಬರ ಮಾಡುವುದು ಗೊತ್ತಿಲ್ಲ.”

ಬೇಲಿಯ ಮೇಲಿಂದ ಜನ ಇಣುಕಿ ನೋಡುತ್ತಿದ್ದರು. ರಾಚವ್ವ ಒಂದು ಗಳಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳಂತೆ. ಆಮೇಲೆ ಮಂಕರಿಯನ್ನು ಕೆಳಗಿಟ್ಟು, ತಾನೂ ಅಷ್ಟು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ನಿಮ್ಮ ಗುಂಡಿ ತಗ್ಗಲ್ಲಿ ಅದ ಬುದ್ಧಿ. ಮಳ ಬಂದ್ರ ನೀರು ನಿಂತ್ಕತದ. ಮ್ಯಾಲಿಂದು ಒಣಗತದ, ತಳದ್ದು ಕೊಳೀತದ, ಒಳಗ ಯಾವ್ದೂ ಬೇಯಲ್ಲ. ಹಸಿ ಸಗಣಿ ಅಂದ್ರ ದುಂಬಿಗ ಹಬ್ಬ, ಬಂದು ಮೊಟ್ಟ ಇಡ್ತವ. ನೆಳ್ಳಲ್ಲಿ, ಎತ್ತರದಲ್ಲಿ ಹಾಕ್ಬೇಕು. ಒಂದು ವರಸ ಸಗಣಿ, ಒಂದು ವರಸ ಹೊಂಗೆಸೊಪ್ಪು, ಮ್ಯಾಲ ಒಂದಿಷ್ಟು ಬೂದಿ, ಕೆರೆಗೋಡು ಮಣ್ಣು. ಗಂಜಳದ ನೀರು ಚಿಮುಕಿಸ್ಬೇಕು. ಹಾರೆ ಚುಚ್ಚಿ ಈಚ್ಗ ತಗುದು ಮುಟ್ಟಿ ನೋಡಿ, ಕೈ ಸುಡಬೇಕು. ಸುಟ್ರ ಬೇಯ್ತಾ ಅದ ಅಂತ. ಮೂರು ಸಲ ತಿರುವಿ ಹಾಕ್ದ ಮ್ಯಾಲ ಬಿಸಿ ಆರ್ತದ. ಆಗ ಒಂದು ಹಿಡಿ ಎತ್ತಿ ಮೂಸಿ ನೋಡುದ್ರ ಸಗಣಿ ವಾಸ್ನ ಇರಕೂಡ್ದು, ಮಣ್ಣಿನ ವಾಸ್ನ ಬರಬೇಕು.”

ಪೂಜ್ಯರು ಪಾಠ ಕೇಳುವ ವಟುವಿನಂತೆ ತದೇಕಚಿತ್ತರಾಗಿ ಕೇಳಿದರು. ಕೊನೆಗೆ ಕೈಮುಗಿದು, “ನಾಳೆಯಿಂದ ಗೊಬ್ಬರದ ಕೆಲಸ ನಿನ್ನದು. ಹೆಬ್ಬಾಗಿಲಿನಿಂದಲೇ ಬಾ” ಎಂದರು.

ರಾಚವ್ವ ಹೆಬ್ಬಾಗಿಲ ಕಡೆ ನೋಡಿದಳು, ಶಿವರುದ್ರಪ್ಪನವರ ಕಡೆ ನೋಡಿದಳು. “ಬತ್ತೀನಿ ಬುದ್ಧಿ. ಆದ್ರ ನಾ ಹೇಳ್ದಂಗೇ ಆಗ್ಬೇಕು. ನಡುವ ಯಾರೂ ಬಾಯಿ ಹಾಕ್ಕೂಡ್ದು.”

“ನಾನೂ ಹಾಕುವುದಿಲ್ಲ” ಎಂದರು ಪೂಜ್ಯರು.

ಮುದ್ದುಬಸಪ್ಪನವರು ಇದನ್ನೆಲ್ಲ ನೋಡಿ ಇನ್ನಷ್ಟು ಕುದಿದರು. ತಮ್ಮ ಬೆಳೆ ಸಾಯುತ್ತಿದ್ದರೆ ಇಲ್ಲಿ ಸ್ವಾಮಿಗಳು ಕೇರಿಯ ಹೆಂಗಸಿನ ಮುಂದೆ ಪಾಠಕ್ಕೆ ಕೂತಿದ್ದಾರೆ! ಯಾರಿಗೂ ಹೇಳದೆ ಮನೆಗೆ ಹೋದರು. “ಅವತ್ತು ಮನೇಲಿ ಲಿಂಗಪೂಜೆನೂ ಮಾಡ್ಲಿಲ್ಲ ಮೇಷ್ಟ್ರೇ. ಆ ಮಠದ ಮೆಟ್ಲು ಇನ್ನು ತುಳಿಯಲ್ಲ ಅಂತ ಹೆಂಡ್ತಿಗೆ ಹೇಳ್ದೆ” ಎಂದು ಅವರು ನನ್ನ ಮುಂದೆ ನೆನೆದುಕೊಂಡರು.

ಮರುದಿನ ಬೆಳಗ್ಗೆ ಅವರು ಹೊಲಕ್ಕೆ ಹೋದಾಗ ಬೇರೆ ಯಾರೋ ಆಗಲೇ ಬಾವಿಯ ನೀರನ್ನು ಸಾಲಿಗೆ ತಿರುಗಿಸಿದ್ದರು. ಅರಿಶಿನದ ಸಾಲಿನಲ್ಲಿ ಕಾವಿಯ ಬಣ್ಣ ಕಂಡಿತು. ಪೂಜ್ಯರು ಮೊಣಕಾಲೂರಿ, ಕೆಸರಿನಲ್ಲಿ ಗಿಡದ ಬುಡ ಕೆದಕಿ, ಗೊಣ್ಣೆಹುಳುವನ್ನು ಒಂದೊಂದಾಗಿ ಹೆಕ್ಕಿ ಮಡಕೆಗೆ ಹಾಕುತ್ತಿದ್ದರು. ಎರಡು ಸಾಲು ಬಿಟ್ಟು ರಾಚವ್ವ.

“ನೀರು ಕುಡುದ್ರ ಉಸುರು ಕಟ್ಟಿ ಮ್ಯಾಕ್ಕ ಬತ್ತವ ಬುದ್ಧಿ, ಬೇಗ ಬೇಗ ಹೆಕ್ಕಿ” ಎಂದು ಆಕೆ ಅವಸರಪಡಿಸುತ್ತಿದ್ದಳು. ಗುರುಗಳು “ಆಗಲಿ ತಾಯಿ, ಆಗಲಿ” ಎನ್ನುತ್ತಿದ್ದರು.

ಮುದ್ದುಬಸಪ್ಪನವರ ಮನಸ್ಸು ಎರಡು ಕಡೆಗೆ ಎಳೆಯಿತು. ಸ್ವಾಮಿಗಳು ತಮ್ಮ ಕೆಸರಿನಲ್ಲಿ ಮೊಣಕಾಲೂರಿದ್ದಾರೆ. ಅದನ್ನು ನೋಡಿಕೊಂಡು ನಿಲ್ಲುವುದು ಪಾಪ. ಆದರೆ ರಾಚವ್ವನ ಕೇರಿಯವರು ಆ ಅರಿಶಿನದ ಹೊಲಕ್ಕೆ ಅದುವರೆಗೆ ಕಾಲಿಟ್ಟಿರಲಿಲ್ಲ. ಅದು ತಾಯಿ ಬಿಟ್ಟುಹೋದ ಮಡಿ, ಅದನ್ನು ಮೀರುವುದು ಹೇಗೆ? ಆಕೆಯನ್ನು ಹೊರಗೆ ಹೋಗೆನ್ನಲು ಬಾಯಿ ಬರಲಿಲ್ಲ, ಇಳಿದು ಜೊತೆಗೂಡಲು ಕಾಲು ಬರಲಿಲ್ಲ. ಬದುವಿನ ಮೇಲೆ ಕೂತರು. ಆ ದಿನವೆಲ್ಲ ಕೂತಿದ್ದರು. ಮರುದಿನವೂ ಬಂದು ಅಲ್ಲೇ ಕೂತರು. ಪೂಜ್ಯರು ಅವರನ್ನು ಕರೆಯಲೂ ಇಲ್ಲ, ನೋಡಲೂ ಇಲ್ಲ.

ಎರಡನೆಯ ದಿನ ಮಧ್ಯಾಹ್ನ ಮಡಕೆ ತುಂಬಿತು. ಪೂಜ್ಯರು ಅದನ್ನು ಎತ್ತಿಕೊಂಡು ಮಠದ ಕಡೆ ಹೊರಟರು.

“ಎಲ್ಗ ಬುದ್ಧಿ?” ಎಂದಳು ರಾಚವ್ವ.

“ನಮ್ಮ ಗುಂಡಿಗೇ ಬಿಟ್ಟು ಬರುತ್ತೇನೆ. ಅವಕ್ಕೂ ಹಸಿವಿದೆಯಲ್ಲ. ಕೊಲ್ಲಲು ಮನಸ್ಸು ಬಾರದು.”

ರಾಚವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟಳು. “ಚೆಂದಾಗದ! ಅಲ್ಲಿ ತಿಂದು ದುಂಬಿಯಾಗಿ, ಬರೋ ಮಳೆಗ ಮೊಟ್ಟ ಇಟ್ಟು, ಊರಿನ ಹೊಲಕ್ಕೆಲ್ಲ ಬತ್ತವ. ನಿಮ್ಗ ಹುಳ ಕಂಡ್ರ ಕನಿಕರ, ಒಕ್ಲು ಮಕ್ಕಳ ಮ್ಯಾಲ ಇಲ್ವಾ?”

ಬದುವಿನ ಮೇಲಿದ್ದ ಮುದ್ದುಬಸಪ್ಪನವರು ತಟ್ಟನೆ ತಲೆಯೆತ್ತಿದರು. ಗುರುಗಳಿಗೆ ಹೀಗೆ ಎದುರು ಮಾತೇ! ಪೂಜ್ಯರು ಮಾತ್ರ ನಿಂತಲ್ಲೇ ಯೋಚಿಸಿದರು. ಆಮೇಲೆ ಅವರ ಮುಖದಲ್ಲಿ ನಗು ಹರಡಿತು.

“ನಿಜ ತಾಯಿ. ನಾನು ದಯೆಯೆಂದು ತಿಳಿದದ್ದು ದಯೆಯಾಗಿರಲಿಲ್ಲ. ಏನು ಮಾಡಲಿ ಹೇಳು.”

“ಅಗೋ, ಆ ಬಂಡೆ ಮ್ಯಾಲ ಸುರೀರಿ. ತಿನ್ನೋವು ತಿನ್ಕತವ.”

ಸುರಿದು ಬಂದ ಸ್ವಲ್ಪ ಹೊತ್ತಿಗೇ ಗೊರವಂಕ, ಕಾಗೆ, ಬೆಳ್ಳಕ್ಕಿಗಳು ಬಂಡೆಯನ್ನು ಮುತ್ತಿದವು. ಪೂಜ್ಯರು ಮಡಕೆ ತೊಳೆದುಕೊಂಡು ಮತ್ತೆ ತಮ್ಮ ಸಾಲಿಗೆ ಬಂದು ಮೊಣಕಾಲೂರಿದರು. ಆಗ ಮೊದಲ ಬಾರಿಗೆ ಬದುವಿನ ಕಡೆ ತಲೆಯೆತ್ತಿ ನೋಡಿದರು. ಅವರ ದನಿಯಲ್ಲಿ ಆಕ್ಷೇಪಣೆಯಾಗಲಿ ಬೇಸರವಾಗಲಿ ಇರಲಿಲ್ಲ.

“ಮುದ್ದಪ್ಪ, ಇನ್ನೂ ಬಹಳ ಸಾಲು ಇವೆ. ಆ ತಾಯಿಯ ಪಕ್ಕದ ಸಾಲು ಖಾಲಿ ಇದೆ.”

ಅಷ್ಟೇ ಮಾತು. ಪೂಜ್ಯರ ಪಕ್ಕದ ಸಾಲೂ ಖಾಲಿ ಇತ್ತು. ಅದನ್ನು ಅವರು ತೋರಿಸಲಿಲ್ಲ.

ಮುದ್ದುಬಸಪ್ಪನವರು ಹೇಳುತ್ತಿದ್ದರು: “ಹೆಂಗೆ ಎದ್ದೆ ಅನ್ನೋದು ಗೊತ್ತಿಲ್ಲ ಮೇಷ್ಟ್ರೇ. ಚಪ್ಪಲಿ ಬದುವಿನ ಮ್ಯಾಲೇ ಉಳಕತ್ತು. ರಾಚವ್ವನ ಪಕ್ಕ ಮೊಣಕಾಲು ಊರಿದೆ. ಅವಳು ನನ್ನ ಮುಖನೂ ನೋಡ್ಲಿಲ್ಲ. ‘ಅಷ್ಟು ಆಳಕ್ಕ ಕೆದಕ್ಬೇಡಿ ಯಜಮಾನ್ರೇ, ಇರೋ ಬೇರೂ ಹೋದಾವು’ ಅಂದ್ಳು. ನಮ್ಮವ್ವನೂ ಹಿಂಗೇ ಗದರ್ಸೋಳು.”

ಮೂವರೂ ಒಂಬತ್ತು ದಿನ ಹುಳು ಹೆಕ್ಕಿದರು. ನಾಲ್ಕನೆಯ ದಿನದಿಂದ ಊರಿನ ಕೆಲವರೂ ಕೈಗೂಡಿಸಿದರು. ಆರನೆಯ ದಿನ ಶಿವರುದ್ರಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದು ಒಂದು ಸಾಲು ಹಿಡಿದರು. ರಾಚವ್ವ ಅವರಿಗೂ ಹೇಳಿಕೊಟ್ಟಳು. ಹೊಲದಲ್ಲಿ ಮೂರರಲ್ಲಿ ಒಂದು ಪಾಲು ಬೆಳೆ ಮಾತ್ರ ಉಳಿಯಿತು. ಆದರೆ ಅದರಲ್ಲಿ ಬಿತ್ತನೆಗೆ ಬೇಕಾದಷ್ಟು ಕೊಂಬು ಇತ್ತು. ತಳಿ ಅಳಿಯಲಿಲ್ಲ. ಇದನ್ನು ಪವಾಡವೆಂದು ಹೇಳುವ ಭಕ್ತರು ಇಂದಿಗೂ ಇದ್ದಾರೆ. ಪೂಜ್ಯರ ಎದುರಿಗೆ ಯಾರಾದರೂ ಹಾಗೆಂದರೆ ಅವರು, “ಬೆನ್ನು ನೋವು ಬಂದದ್ದು ನನಗೆ ಗೊತ್ತು” ಎಂದು ನಗುತ್ತಿದ್ದರು.

ಆ ವರ್ಷ ಹೊಂಗೆಮರದ ನೆರಳಿನಲ್ಲಿ, ಎತ್ತರದ ಜಾಗದಲ್ಲಿ, ಹೊಸ ತಿಪ್ಪೆ ಎದ್ದಿತು. ರಾಚವ್ವ ದಿನವೂ ಹೆಬ್ಬಾಗಿಲಿನಿಂದ ಬಂದಳು. ಆಕೆ ಹೇಳಿದಂತೆ ವರಸೆ ವರಸೆಯಾಗಿ ಸಗಣಿ, ಸೊಪ್ಪು, ಬೂದಿ, ಕೆರೆಗೋಡು ಬಿತ್ತು. ಹಾರೆ ಚುಚ್ಚಿ ನೋಡುವ ಕೆಲಸವನ್ನು ಪೂಜ್ಯರು ತಮಗೇ ಇಟ್ಟುಕೊಂಡಿದ್ದರು. ಚಳಿಯ ಬೆಳಗಿನಲ್ಲಿ ತಿಪ್ಪೆಯಿಂದ ಹಬೆಯೇಳುವಾಗ ಅದರ ಪಕ್ಕದಲ್ಲೇ ಜಪಕ್ಕೆ ಕೂರುವರು. “ಇಲ್ಲಿ ಬೆಚ್ಚಗಿರುತ್ತದೆ” ಎನ್ನುವರು. ದುರ್ಗಂಧವಿಲ್ಲ, ನೊಣವಿಲ್ಲ. ಮೂರನೆಯ ಸಲ ತಿರುವಿದಾಗ ಒಳಗಿನದೆಲ್ಲ ಕಾಫಿಪುಡಿಯಂತೆ ಕಪ್ಪಾಗಿತ್ತು.

ಫಾಲ್ಗುಣ ಬಂತು. ಹಂಚುವ ದಿನವೆಂದು ತಿಳಿದು ಇಪ್ಪತ್ತಾರು ಗಾಡಿಗಳು ಬೆಳಗ್ಗೆಯೇ ಮಠದ ಮುಂದೆ ಸಾಲುಗಟ್ಟಿದವು. ಮೊದಲ ಗಾಡಿ ಮುದ್ದುಬಸಪ್ಪನವರದು. ಪೂಜ್ಯರನ್ನು ಅಪ್ಪಣೆ ಕೇಳಿದರೆ, “ನನ್ನನ್ನೇಕೆ ಕೇಳುತ್ತೀರಿ?” ಎಂದು ರಾಚವ್ವನ ಕಡೆ ತೋರಿಸಿದರು. ಆಕೆ ತಿಪ್ಪೆಯ ನಡುವೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ಹೊರತೆಗೆದು, ಹಿಸುಕಿ, ಮೂಸಿ ನೋಡಿದಳು. ಇನ್ನೊಂದು ಕಡೆಯಿಂದಲೂ ತೆಗೆದು ನೋಡಿದಳು.

“ಇನ್ನೆಂಟು ದಿನ ಬೇಕು” ಎಂದಳು.

ಗಾಡಿಯವರು ಗುಜುಗುಜು ಎಂದರು. ಕೆಲವರು ಎರಡು ಹರದಾರಿ ದೂರದಿಂದ ಬಂದವರು. “ಒಂದು ಗಾಡಿ ಆದರೂ ತುಂಬಿಸವ್ವ”, “ಎಂಟು ದಿನದಲ್ಲಿ ಏನು ವ್ಯತ್ಯಾಸ ಆದಾತು?” ಎಂದು ಒಬ್ಬೊಬ್ಬರು ಒಂದೊಂದು ಅಂದರು. ಮುದ್ದುಬಸಪ್ಪನವರು ಮಾತ್ರ ಗಾಡಿಯಿಂದ ಇಳಿದು, ಎತ್ತಿನ ಹಗ್ಗ ಹಿಡಿದು, ಆ ಇಕ್ಕಟ್ಟಿನಲ್ಲೇ ಗಾಡಿಯನ್ನು ತಿರುಗಿಸಿದರು. “ಆಗ್ಲಿ ಕನವ್ವ, ಎಂಟು ದಿನ ಬುಟ್ಟು ಬತ್ತೀನಿ” ಎಂದು ಗಾಡಿ ಹೊಡೆದರು. ಮುಂದಿನ ಗಾಡಿ ತಿರುಗಿದ ಮೇಲೆ ಹಿಂದಿನವರು ನಿಲ್ಲುವುದೇನು? ಇಪ್ಪತ್ತಾರು ಗಾಡಿಗಳೂ ಬರಿದಾಗಿಯೇ ಹಿಂದಿರುಗಿದವು. ಪೂಜ್ಯರು ಜಗಲಿಯ ಮೇಲೆ ನಿಂತು, ಕೊನೆಯ ಗಾಡಿಯ ಧೂಳು ಅಡಗುವವರೆಗೂ ನೋಡಿದರು. ಆ ದಿನ ಅವರ ಮುಖದಲ್ಲಿದ್ದ ಸಂತೋಷವನ್ನು ಶಿವರುದ್ರಪ್ಪನವರು ನನಗೆ ಎಷ್ಟೋ ಸಲ ವರ್ಣಿಸಿದ್ದಾರೆ.

ಎಂಟನೆಯ ದಿನ ಮುದ್ದುಬಸಪ್ಪನವರು ಮಠಕ್ಕೆ ಹೋಗಲಿಲ್ಲ. ಗಾಡಿಯನ್ನು ಹೊರಗಿನ ದಾರಿಯಲ್ಲಿ ನಿಲ್ಲಿಸಿ, ಅರುವತ್ತು ವರ್ಷಗಳ ಬಾಳಿನಲ್ಲಿ ಒಮ್ಮೆಯೂ ಕಾಲಿಡದ ಕೇರಿಯೊಳಕ್ಕೆ ನಡೆದುಕೊಂಡು ಹೋದರು. ಮನೆ ಯಾವುದೆಂದು ಗೊತ್ತಿರಲಿಲ್ಲ, ಕೇಳಿಕೊಂಡು ಹೋದರು. ಬಾಗಿಲಲ್ಲಿ ಅವರನ್ನು ಕಂಡ ರಾಚವ್ವ ಗಡಬಡಿಸಿ ಎದ್ದಳು.

“ಮಠಕ್ಕ ಬರ್ತಿದ್ದೆನಲ್ಲ ಯಜಮಾನ್ರೇ, ನೀವ್ಯಾಕ ಇಲ್ಲಿಗಂಟ...”

“ಕರ್ಕಂಡು ಹೋಗವ ಅಂತ ಬಂದೆ. ಗಾಡಿ ನಿಲ್ಸಿವ್ನಿ.” ಅವರು ಅಲ್ಲಿಯೇ ಜಗಲಿಯ ಮೇಲೆ ಕುಳಿತರು. “ಬಿಸುಲು ಕನವ್ವ. ಒಂದು ಚೊಂಬು ನೀರು ಕೊಡು.”

ರಾಚವ್ವ ಅವರ ಮುಖವನ್ನೇ ನೋಡಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ಆಕೆ ಒಳಗೆ ಹೋದಳು. ಚೊಂಬನ್ನು ಬೂದಿ ಹಾಕಿ ಉಜ್ಜುವ ಸದ್ದು ಕೇಳಿಸಿತು. ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು. ಮುದ್ದುಬಸಪ್ಪನವರು ಸುಮ್ಮನೆ ಕಾದರು. ಕೊನೆಗೆ ಹೊಸಿಲು ದಾಟಿ ಬಂದು ಆಕೆ ಚೊಂಬನ್ನು ನೆಲದ ಮೇಲಿಡಹೋದಾಗ, ಅವರು ಎದ್ದು ಎರಡೂ ಕೈ ಚಾಚಿ ಆಕೆಯ ಕೈಯಿಂದಲೇ ತೆಗೆದುಕೊಂಡರು.

ಇದನ್ನು ನನಗೆ ಹೇಳುವಾಗ ಮುದ್ದುಬಸಪ್ಪನವರಿಗೆ ಎಪ್ಪತ್ತರ ಮೇಲಾಗಿತ್ತು. ಆ ನೀರು ಕುಡಿದಾಗ ಏನನ್ನಿಸಿತು ಎಂದು ನಾನು ಕೇಳಿದೆ. ಏನೋ ದೊಡ್ಡ ಮಾತು ಬಂದೀತೆಂದು ಕಾದೆ.

“ತಣ್ಣಗಿತ್ತು ಮೇಷ್ಟ್ರೇ” ಎಂದರು.